ಹೆಣ್ಣು ನೋಡಲು ಹೋದ ತತ್ತ್ವಜ್ಞಾನ

ಕೇಳಿದ್ದಕ್ಕೆ ಒಂದೇ ಮಾತಿನಲ್ಲಿ ಉತ್ತರ ಹೇಳಿ ಮುಗಿಸುವುದು ನನ್ನಿಂದ ಇಂದಿಗೂ ಆಗದು. ಚಹಾ ಬೇಕೇ ಎಂದರೂ, ಬೇಕು ಎಂಬುದಕ್ಕೂ ಆದೀತು ಎಂಬುದಕ್ಕೂ ಇರುವ ಅಂತರವನ್ನು ವಿಚಾರ ಮಾಡುವಷ್ಟರಲ್ಲಿ ಚಹಾ ಆರಿ ಹೋಗಿರುತ್ತದೆ.

ಈ ರೋಗ ಹತ್ತಿದ್ದು ಐವತ್ತರ ದಶಕದಲ್ಲಿ, ಸಾಂಗಲಿಯಲ್ಲಿ ಬಿ.ಎ. ಓದುವಾಗ. ನಮಗೆ ತತ್ತ್ವಶಾಸ್ತ್ರ ಹೇಳುತ್ತಿದ್ದವರು ಇಂಗ್ಲೆಂಡಿನಲ್ಲಿ ಓದಿ ಹೊಸದಾಗಿ ಬಂದಿದ್ದರು. ಅಲ್ಲಿನ ಪಂಡಿತರು ಆತ್ಮ, ಪರಮಾತ್ಮಗಳನ್ನೆಲ್ಲ ಬದಿಗಿಟ್ಟು, ಜನ ಸಂತೆಯಲ್ಲಿ, ಅಡುಗೆಮನೆಯಲ್ಲಿ ಆಡುವ ಮಾತನ್ನೇ ಕೆದಕುತ್ತ ಕೂತಿದ್ದಾರಂತೆ. ಮನಸ್ಸೆಂದರೆ ಎದೆಯೊಳಗೆ ಬೀಗ ಹಾಕಿಟ್ಟ ಪೆಟ್ಟಿಗೆಯಲ್ಲ. ಮನುಷ್ಯ ನಡೆಯುವ, ನಗುವ, ನೋಡುವ ರೀತಿಯಲ್ಲೇ ಅದು ಎಲ್ಲರಿಗೂ ಕಾಣುವಂತಿರುತ್ತದೆ, ಆ ಶಬ್ದವನ್ನು ನಾವು ಬಳಸುವುದೂ ಹಾಗೆಯೇ ಎಂಬುದು ಅವರ ವಾದ. ನನಗೆ ಹುಚ್ಚೇ ಹಿಡಿಯಿತು. ರಜೆಗೆ ನಮ್ಮೂರು ಯಳವಿಗೆ ಬಂದಾಗ ಎತ್ತುಗಳ ಮೈ ತೊಳೆಯುತ್ತ ಅವಕ್ಕೂ ಇದನ್ನೇ ಹೇಳುತ್ತಿದ್ದೆ. ಅವು ತಕರಾರು ಮಾಡಲಿಲ್ಲ.

ಆ ರಜೆಯಲ್ಲೇ ಅಪ್ಪ ನನ್ನನ್ನು ಸೋನ್ಯಾಳಕ್ಕೆ ಹೆಣ್ಣು ನೋಡಲು ಕರೆದೊಯ್ದರು. ಹುಡುಗಿ ಗಂಗವ್ವ ಉಪ್ಪಿಟ್ಟಿನ ತಾಟು ತಂದಿಟ್ಟು ಬಾಗಿಲ ಬಳಿ ಕೂತಳು. ಉಪ್ಪಿಟ್ಟು ತಿನ್ನುವುದನ್ನೇ ಮರೆಯುವಷ್ಟು ನನಗೆ ಹಿಡಿಸಿದಳು. ಒಪ್ಪಿಗೆಯಾದರೆ ಎಲ್ಲರ ಬಾಯಿಗೂ ಹಾಕಲೆಂದು ಸಕ್ಕರೆಯ ಬಟ್ಟಲು ಆಗಲೇ ಸಿದ್ಧವಾಗಿತ್ತು. ಅವಳ ಅಜ್ಜಿ ನನ್ನನ್ನು ಕೇಳಿದರು: "ಹುಡುಗಿ ನಿಮ್ಮ ಮನಸಿಗಿ ಬಂದಾಳೇನ್ರಿ?"

ಹೂಂ ಎಂದಿದ್ದರೆ ಸಾಕಿತ್ತು. ನಾನೋ, ಮನಸ್ಸಿಗೆ ಬರುವುದು ಎಂದರೇನು, ಎಲ್ಲಿಂದ ಎಲ್ಲಿಗೆ ಬರುವುದು ಎಂದು ಆರಂಭಿಸಿದೆ. ಪೆಟ್ಟಿಗೆ ಬಂತು, ಬೀಗ ಬಂತು, ಇಂಗ್ಲೆಂಡೂ ಬಂತು. ಅಪ್ಪ ರುಮಾಲು ಸರಿಮಾಡಿಕೊಂಡು ಮಾಳಿಗೆಯ ತೊಲೆಗಳನ್ನು ನೋಡುತ್ತ ಕೂತರು. ಹುಡುಗ ಬೇಡವೆನ್ನಲು ಸಂಕೋಚಪಟ್ಟು ಸುತ್ತಿ ಬಳಸಿ ಮಾತಾಡುತ್ತಿದ್ದಾನೆಂದು ತಿಳಿದ ಅಜ್ಜಿ ಸಕ್ಕರೆ ಬಟ್ಟಲು ಎತ್ತಿಕೊಂಡು ಒಳಗೆ ಹೊರಟರು. ಹುಡುಗಿ ಕೈತಪ್ಪಿದಳೆಂದು ನನಗೆ ಗೊತ್ತಾಯಿತು. ಆದರೂ ಬಾಯಿ ನಿಲ್ಲದು. ವಾದ ಇನ್ನೂ ಅರ್ಧದಲ್ಲಿತ್ತು.

ನೋಡಲು ಬಂದವರ ಮುಂದೆ ಹುಡುಗಿ ಬಾಯಿ ಬಿಡುವುದು ಆಗಿನ ಪದ್ಧತಿಯಲ್ಲ. ಗಂಗವ್ವ ಮಾತ್ರ ಅಜ್ಜಿಗೆ ಕೈ ಅಡ್ಡ ಹಿಡಿದಳು.

"ಸಕ್ಕರಿ ಇಲ್ಲೇ ಇರ್ಲಿ ಆಯಿ. ಅವರ ಮನಸು ಪೆಟಿಗ್ಯಾಗ ಇಲ್ಲಂತ. ಇಷ್ಟೊತ್ತು ಮಾತಾಡಿದ್ರೂ ನನ್ನ ಬಿಟ್ಟು ಬ್ಯಾರೆ ಕಡಿ ನೋಡೇ ಇಲ್ಲ."

ಮನೆಯೆಲ್ಲ ನಕ್ಕಿತು, ಅಪ್ಪ ಎಲ್ಲರಿಗಿಂತ ಜೋರಾಗಿ. ಇಂಗ್ಲೆಂಡಿನವರ ವಾದ ನಿಜವೆಂದು ನಾನು ಮೊದಲ ಸಲ ನಂಬಿದ್ದು ಆಗಲೇ. ಹಾಗೆಂದು ಹೇಳಲು ಬಾಯಿ ತೆರೆದೆ. ಅಜ್ಜಿ ಅದರ ತುಂಬ ಸಕ್ಕರೆ ಹಾಕಿಬಿಟ್ಟರು. ಸಕ್ಕರೆ ತುಂಬಿದ ಆ ಬಾಯಿ ಹೇಳಿದ ಹೂಂಗಿಂತ ಸ್ಪಷ್ಟವಾಗಿ ನಾನು ಜನ್ಮದಲ್ಲಿ ಮಾತಾಡಿಲ್ಲ.