ತುಕ್ಕು ಬಳಿದ ತಗಡು

ಊಟದ ಹೊತ್ತಿಗೆ ಬಾಗಿಲು ಹಾಕಿಕೊಳ್ಳುವ ಮನೆ ನಮ್ಮ ದ್ವೀಪದ ಊರು ನಸೋಲೋದಲ್ಲಿ ಒಂದೇ ಒಂದಿತ್ತು. ಅದು ಉಲಮಿಲಾಳದು. ಉಳಿದವರ ಮನೆಯಲ್ಲಿ ತಟ್ಟೆ ಇಡುವ ಹೊತ್ತಿಗೆ ಬಾಗಿಲು ಹಾರುಹೊಡೆದಿರುತ್ತದೆ. ದಾರಿಯಲ್ಲಿ ಯಾರೇ ಹೋಗಲಿ, “ಬನ್ನಿ, ಉಣ್ಣಿ” ಎಂದು ಒಳಗಿನಿಂದ ಕೂಗಬೇಕು. ಮಾನವಂತರಾದರೆ ಅವರು “ಈಗ ತಾನೇ ಆಯ್ತು” ಎಂದು ಮುಂದೆ ಹೋಗುತ್ತಾರೆ. ಬಂದು ಕೂತರೂ ತಪ್ಪಲ್ಲ, ಕೂಗದೆ ಇರುವುದು ತಪ್ಪು. ಬಾಗಿಲು ಹಾಕಿಕೊಂಡು ಉಣ್ಣುವುದಂತೂ ನಾಯಿಯ ಬುದ್ಧಿ ಎಂದು ಊರು ತೀರ್ಮಾನಿಸಿತ್ತು.

ಹಾಗೆ ತೀರ್ಮಾನಿಸಿದ ಊರೇನೂ ಕಡಿಮೆಯದಲ್ಲ. ಪರರ ಒಲೆಯ ಹೊಗೆ ನೋಡಿ ತಮ್ಮ ನಡಿಗೆಯ ದಾರಿ ಬದಲಿಸುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಅವರಲ್ಲಿ ಮೊದಲನೆಯವಳು ಮಕೆಲೇಸಿ, ಉಲಮಿಲಾಳ ಹಿರಿಯ ವಾರಗಿತ್ತಿ. ಆಕೆಯ ಗಂಡ ಎಪೇಲಿ ಮನೆತನದ ಹಿರಿಯ. ಕಬ್ಬಿನ ಹಣ ಬಂದ ವಾರ ಆ ಮನೆಯಲ್ಲಿ ಹಬ್ಬ, ಮುಂದಿನ ವಾರದಿಂದ ಐದೂ ಮಕ್ಕಳು ಊಟಕ್ಕೆ ಬೇರೆಯವರ ಮನೆಯಲ್ಲಿ.

“ಏನೇ ಉಲಾ, ಹಾಡುಹಗಲೇ ಬಾಗಿಲು ಹಾಕ್ಕೊಂಡು ಒಳಗೇನು ಮಾಡ್ತಿದೀಯ?” ಎಂದು ಮಕೆಲೇಸಿ ಹೊರಗಿನಿಂದ ಕೂಗುವಳು.

“ತಲೆನೋವು ಅಕ್ಕ, ಮಲಗಿದೀನಿ.”

“ನಿನ್ನ ತಲೆನೋವಿಗೆ ತೆಂಗಿನ ಹಾಲಿನ ವಾಸನೆ ಬರುತ್ತಲ್ಲೇ!”

ಒಳಗೆ ಉಲಮಿಲಾ, ಅವಳ ಗಂಡ ಸಕಿಯುಸಾ, ಇಬ್ಬರು ಮಕ್ಕಳು ತುತ್ತು ಬಾಯಲ್ಲಿಟ್ಟುಕೊಂಡೇ ಅಗಿಯದೆ ಕೂತಿರುತ್ತಿದ್ದರು. ಹೆಜ್ಜೆಯ ಸದ್ದು ದೂರವಾದ ಮೇಲೆ ಅಗಿಯುತ್ತಿದ್ದರು.

ಉಲಮಿಲಾ ಹುಟ್ಟಿದಾಗಿನಿಂದ ಹೀಗಿರಲಿಲ್ಲ. ತವರಿನಲ್ಲಿ ಅವಳ ಅಪ್ಪನಿಗೆ ಚಿಕ್ಕದೊಂದು ಅಂಗಡಿಯಿತ್ತು. ನೆಂಟರು ಬಂದು ಕೇಳಿದರೆ ಇಲ್ಲ ಎನ್ನುವಂತಿಲ್ಲ ನಮ್ಮಲ್ಲಿ, ಕೆರೆಕೆರೆ ಎಂದು ಅದಕ್ಕೊಂದು ಹೆಸರೂ ಉಂಟು. ಕೆರೆಕೆರೆ ಎಂದು ಸಕ್ಕರೆ ಒಯ್ದರು, ಸಾಬೂನು ಒಯ್ದರು, ಮೀನಿನ ಡಬ್ಬಿಗಳನ್ನು ಒಯ್ದರು, ಕೊನೆಗೆ ತಕ್ಕಡಿಯನ್ನೂ ಒಯ್ದರು. ಅಪ್ಪ ಎಲ್ಲರಿಗೂ ನಗುನಗುತ್ತ ಕೊಟ್ಟು, ಬರಿದಾದ ಅಂಗಡಿಯ ಕಟ್ಟೆಯ ಮೇಲೆ ಮಲಗಿ ಸತ್ತ. ಬಲು ದೊಡ್ಡ ಮನುಷ್ಯ ಎಂದು ಹೊಗಳಿ ಎಲ್ಲರೂ ಅತ್ತರು. ಹಾಗೆ ಅತ್ತವರ ಮೇಲೆ ಉಲಮಿಲಾಳಿಗೆ ಹುಟ್ಟಿದ ಸಿಟ್ಟು ಮುಂದೆಂದೂ ಆರಲಿಲ್ಲ.

ಗಂಡನ ಊರಿಗೆ ಬಂದವಳೇ ಸಂಸಾರದ ಲಗಾಮು ಹಿಡಿದಳು. ಒಮ್ಮೆ ಕುದಿಸಿದ ಚಹಾ ಪುಡಿ ಒಣಗಿಸಿ ಮತ್ತೊಮ್ಮೆ ಕುದಿಸುವುದು, ಸಾಬೂನಿನ ಚೂರುಗಳನ್ನು ಒತ್ತಿ ಒಂದು ಬಿಲ್ಲೆ ಮಾಡುವುದು, ಅರ್ಧ ಡಬ್ಬಿ ಮೀನು ಇವತ್ತಿಗೆ, ಅರ್ಧ ನಾಳೆಗೆ. ಇದನ್ನೆಲ್ಲ ಯಾವ ಜಾಣ ಹೆಂಗಸಾದರೂ ಮಾಡುತ್ತಾಳೆ. ಉಲಮಿಲಾಳ ಜಾಣತನ ಬೇರೆಯಿತ್ತು. ನಮ್ಮಲ್ಲಿ ಬಾಯಿಬಿಟ್ಟು ಕೇಳಲೇಬೇಕೆಂದೂ ಇಲ್ಲ. ಒಂದು ವಸ್ತುವನ್ನು “ಚೆನ್ನಾಗಿದೆ” ಎಂದು ಹೊಗಳಿದರೆ ಸಾಕು, ಅದನ್ನು ಹೊಗಳಿದವರ ಕೈಗೆ ಇಡಬೇಕು. ಅದಕ್ಕೆ ಅವಳು ತನ್ನ ಮನೆಯಲ್ಲಿ ಚೆನ್ನಾಗಿರುವುದು ಒಂದೂ ಉಳಿಯದಂತೆ ನೋಡಿಕೊಂಡಳು. ಹೊಸ ಪಾತ್ರೆ ತಂದ ದಿನವೇ ಕಲ್ಲಿಗೆ ಬಡಿದು ಅಂಚು ನೆಗ್ಗಿಸಿ, ತಳಕ್ಕೆ ಮಸಿ ಹಿಡಿಸಿದಳು. ಹೊಸ ಕಂಬಳಿಯ ತುದಿಯನ್ನು ಕತ್ತರಿ ಹಾಕಿ ಹರಿದಳು. ಮಕ್ಕಳ ಹೊಸ ಚಪ್ಪಲಿಗೆ ಕೆಸರು ಮೆತ್ತಿದಳು. ಬಂದವರು ಮನೆಯೆಲ್ಲ ಕಣ್ಣಾಡಿಸಿ, ಹೊಗಳಲು ಏನೂ ಸಿಗದೆ ಮೂಗು ಮುರಿದು ಹೋಗುತ್ತಿದ್ದರು. ಅವರು ಹೋದ ಮೇಲೆ ಉಲಮಿಲಾ ಒಬ್ಬಳೇ ನಗುತ್ತಿದ್ದಳು.

ಎರಡು ವರ್ಷದ ಹಿಂದಿನ ಬಿರುಗಾಳಿ ಅವಳ ಮನೆಯ ಮಾಡನ್ನು ಎತ್ತಿ ಸಮುದ್ರಕ್ಕೆ ಹಾಕಿತು. ಅಂದಿನಿಂದ ಮೇಲೆ ಬರೀ ನೀಲಿ ಟಾರ್ಪಾಲು. ಅದೂ ಈಗ ಜರಡಿ. ಮಳೆ ಬಂದರೆ ಮಕ್ಕಳ ಚಾಪೆಯನ್ನು ರಾತ್ರಿಯಿಡೀ ಮೂಲೆಯಿಂದ ಮೂಲೆಗೆ ಎಳೆಯಬೇಕು. ಮಗಳಿಗೆ ಹಿಡಿದ ಕೆಮ್ಮು ಬಿಟ್ಟಿರಲಿಲ್ಲ. ನವೆಂಬರ್ ಬಂದರೆ ಮತ್ತೆ ಬಿರುಗಾಳಿಯ ಕಾಲ. ಅಷ್ಟರಲ್ಲಿ ತಲೆಯ ಮೇಲೆ ತಗಡಿನ ಮಾಡು ಏಳಬೇಕು. ಉಲಮಿಲಾಳಿಗೆ ಬೇರೆ ಯೋಚನೆಯೇ ಇರಲಿಲ್ಲ.

ಹಣ ಕೂಡಿಟ್ಟರೆ ಯಾರಾದರೂ ಸಾಯುತ್ತಾರೆ, ಯಾರಾದರೂ ಮದುವೆಯಾಗುತ್ತಾರೆ, ಎಪೇಲಿ ಬಂದು ಕೈ ಚಾಚುತ್ತಾನೆ. ಹಾಗಾಗಿ ಹಣ ಕೈಗೆ ಬಂದ ಹಾಗೆಯೇ ತಗಡು ಕೊಂಡಳು. ಶನಿವಾರದ ಸಂತೆಯಲ್ಲಿ ಮರಗೆಣಸು, ಕೆಸುವಿನ ಗೆಡ್ಡೆ ಮಾರಿ, ಬಂದ ಹಣಕ್ಕೆ ಒಂದೋ ಎರಡೋ ಶೀಟು ಕೊಂಡು, ಬಸ್ಸಿನವನಿಗೆ ಹೇಳಿ ಕಬ್ಬಿನ ಗದ್ದೆಯ ಹತ್ತಿರವೇ ಇಳಿಸಿಕೊಂಡು, ಕತ್ತಲಾದ ಮೇಲೆ ಹೊತ್ತು ತರುತ್ತಿದ್ದಳು. ತಂದ ತಗಡಿಗೆ ಕೆಮ್ಮಣ್ಣು, ಬೂದಿ, ಸುಟ್ಟ ಎಣ್ಣೆ ಕಲಸಿ ಬಳಿದು ತುಕ್ಕಿನ ಬಣ್ಣ ಕೊಟ್ಟಳು. ಸಾಬೂನು ಹಾಕಿ ತಿಕ್ಕಿದರೆ ಫಳಫಳ ಹೊಳೆಯುವ ತಗಡು, ನೋಡಿದವರಿಗೆ ಬರೀ ಗುಜರಿ. ಅದನ್ನು ಹಂದಿ ಗೂಡಿನ ಪಕ್ಕ ಎಲ್ಲರಿಗೂ ಕಾಣುವಂತೆಯೇ ಒರಗಿಸಿಟ್ಟಳು.

ಮಕೆಲೇಸಿಯ ಕಣ್ಣಿಗೆ ಅದು ಬೀಳದೆ ಇರುತ್ತದೆಯೇ?

“ಇದೇನೇ ಇಷ್ಟೊಂದು ತಗಡು?”

“ಪೇಟೇಲಿ ಬಿಸಾಕಿದ್ರು, ಎತ್ಕೊಂಡು ಬಂದೆ. ಎಲ್ಲಾ ತೂತು. ಹಂದಿಗಾದ್ರೂ ಆಗುತ್ತೆ ಅಂತ.”

“ಕಸಾನೂ ಬಿಡಲ್ವಲ್ಲೇ ನೀನು! ಕಾಗೆಗಾದ್ರೂ ಒಂದಿಷ್ಟು ಉಳಿಸು.”

“ನಿಂಗೆ ಬೇಕಿದ್ರೆ ತಗೊಂಡು ಹೋಗಕ್ಕ,” ಎಂದಳು ಉಲಮಿಲಾ, ಧೈರ್ಯವಾಗಿ.

“ಥೂ, ಯಾರಿಗೆ ಬೇಕು!”

ಅಂದು ಉಲಮಿಲಾ ಗೆದ್ದೆನೆಂದು ಬೀಗಿದಳು. ಸಕಿಯುಸಾನಿಗೆ ಇದು ಹಿಡಿಸಲಿಲ್ಲ. ಅವನು ಮೆತ್ತಗಿನ ಮನುಷ್ಯ, ಜಗಳವೆಂದರೆ ಗದ್ದೆಗೆ ಓಡುವವನು.

“ಅಣ್ಣನಿಗೆ ಹೇಳ್ಬಿಡೋಣ ಉಲಾ. ಒಂದು ಮಾತು ಹೇಳಿದ್ರೆ ನಮ್ಮೋರೆಲ್ಲ ಬಂದು ಒಂದೇ ದಿನದಲ್ಲಿ ಮಾಡು ಹೊದಿಸಿ ಕೊಡ್ತಾರೆ.”

“ಒಂದು ದಿನ ಹೊದಿಸ್ತಾರೆ, ಒಂದು ತಿಂಗಳು ಕೂತು ತಿಂತಾರೆ. ನೀನು ಬಾಯಿ ಮುಚ್ಕೊಂಡಿರು, ಅಷ್ಟು ಸಾಕು.”

ಅವನು ಬಾಯಿ ಮುಚ್ಚಿಕೊಂಡ. ಅದರಲ್ಲಿ ಅವನಿಗೆ ಒಳ್ಳೆಯ ಅಭ್ಯಾಸವಿತ್ತು.

ಅಕ್ಟೋಬರಿನಲ್ಲಿ ಎಪೇಲಿ, ಸಕಿಯುಸಾರ ಚಿಕ್ಕಪ್ಪ ತೀರಿಕೊಂಡ. ಅಂದು ಶನಿವಾರ, ಉಲಮಿಲಾ ಸಂತೆಯಲ್ಲಿದ್ದಳು. ಕೊನೆಯ ಎರಡು ಶೀಟು ಕೊಂಡರೆ ಮಾಡಿಗೆ ಸರಿಹೋಗುತ್ತಿತ್ತು. ಕೊಂಡುಕೊಂಡು, ಗದ್ದೆಯಲ್ಲಿ ಅಡಗಿಸಿಟ್ಟು, ಸಂಜೆ ಊರಿಗೆ ಬಂದಾಗ ಎಪೇಲಿಯ ಅಂಗಳದಲ್ಲಿ ಹೊಗೆ ಎದ್ದಿತ್ತು. ಸಾವಿನ ಊಟಕ್ಕೆ ನೆಲದಲ್ಲಿ ದೊಡ್ಡ ಕುಣಿಗಳನ್ನು ತೋಡಿ, ಕೆಂಡದಂಥ ಕಲ್ಲುಗಳ ಮೇಲೆ ಹಂದಿ, ಗೆಡ್ಡೆ ಇಟ್ಟು ಮುಚ್ಚಿದ್ದರು. ಮುಚ್ಚಿದ್ದು ಅವಳ ತಗಡುಗಳಿಂದ. ಬಿಸಿಗೆ ಅವು ಸೊಟ್ಟಗಾಗಿ, ಅಂಚು ಸುರುಳಿ ಸುತ್ತಿ, ಕಪ್ಪಾಗಿದ್ದವು. ಎರಡನ್ನು ಕೊಡಲಿಯಿಂದ ಸೀಳಿ ಹಂದಿಯ ಕರುಳು ಹಾಕಲು ಇಟ್ಟಿದ್ದರು. ಇನ್ನೊಂದರ ಮೇಲೆ ಗಂಡಸರು ಕಾಲಿಟ್ಟು ನಿಂತು ಸಿಗರೇಟು ಸೇದುತ್ತಿದ್ದರು. ಸಕಿಯುಸಾ ಒಂದು ಬದಿಗೆ ಬಾಯಿ ಮುಚ್ಚಿಕೊಂಡೇ ನಿಂತಿದ್ದ.

ಉಲಮಿಲಾ ಕುಣಿಯ ಹತ್ತಿರಕ್ಕೆ ಓಡಿದಳು. ಬುಟ್ಟಿ ಕೆಳಗೆ ಬಿತ್ತು.

“ಯಾರು ತಂದಿದ್ದು? ಯಾರನ್ನ ಕೇಳಿ ತಂದ್ರಿ ಇದನ್ನ?” ಎಂದು ಕಿರುಚಿದಳು. ಒಳಗೆ ಹೆಣದ ಮುಂದೆ ಅಳುತ್ತಿದ್ದವರು ಅಳು ನಿಲ್ಲಿಸಿ ಹೊರಗೆ ಬಂದರು.

“ಯಾಕೇ ಕೂಗಾಡ್ತೀಯ, ಸಾವಿನ ಮನೇಲಿ?” ಮಕೆಲೇಸಿ ಸೊಂಟಕ್ಕೆ ಕೈಯಿಟ್ಟು ಮುಂದೆ ಬಂದಳು. “ಕಸ ಅಂದೆ. ತೂತು ಅಂದೆ. ಬೇಕಿದ್ರೆ ತಗೊಂಡು ಹೋಗು ಅಂದೆ. ಅಂದೆಯೋ ಇಲ್ವೋ?”

“ಅವೆಲ್ಲ ಹೊಸದು! ನನ್ನ ಮನೆ ಮಾಡಿಗೆ ತಂದಿದ್ದು!”

ಮೊದಲು ಯಾರೋ ಕಿಸಕ್ಕೆಂದರು. ಸತ್ತವನ ಅಂಗಳವೆಂಬುದನ್ನೂ ಮರೆತು ಎಲ್ಲರೂ ನಕ್ಕರು. ಎಪೇಲಿಗೆ ನಗು ಬರಲಿಲ್ಲ, ಅವನ ಮುಖ ಬಿಗಿದುಕೊಂಡಿತು.

“ಹೊಸದು ಅಂತ ಹೇಳಿದ್ರೆ ನಾನೇ ಯಂಗೋನದ ಬೇರು ಹಿಡ್ಕೊಂಡು ನಿನ್ನ ಮನೆ ಬಾಗಿಲಿಗೆ ಬಂದು ಕೇಳ್ತಿದ್ದೆನಮ್ಮ. ಬೇಡ ಅಂದ್ರೆ ಬೇರೆ ಏನಾದ್ರೂ ಮಾಡ್ಕೊಳ್ತಿದ್ವಿ. ಕಸಕ್ಕೆ ಯಾರಾದ್ರೂ ಬೇರು ತರ್ತಾರಾ?”

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ, ಅದಕ್ಕೇ ಉಲಮಿಲಾಳಿಗೆ ಇನ್ನೂ ಉರಿಯಿತು. ನಮ್ಮಲ್ಲಿ ಒಳ್ಳೆಯ ವಸ್ತುವನ್ನು ಕೇಳುವುದಕ್ಕೆ, ಅರೆದು ಕುಡಿಯುವ ಯಂಗೋನದ ಬೇರು ಮುಂದಿಟ್ಟು ಬಗ್ಗಿ ಮಾತಾಡುವ ಮರ್ಯಾದೆಯಿದೆ. ಆ ಮರ್ಯಾದೆಯೊಂದೇ ಅವಳ ತಗಡನ್ನು ಕಾಯಬಹುದಾಗಿತ್ತು. ಅದನ್ನು ಅವಳೇ ಕೈಯಾರೆ ಕೆಮ್ಮಣ್ಣು ಬಳಿದು ಅಳಿಸಿಹಾಕಿದ್ದಳು.

ಗುಂಪು ಚದುರಿದ ಮೇಲೆ ಮಕೆಲೇಸಿ ಹತ್ತಿರ ಬಂದು, ಅವಳಿಗೊಬ್ಬಳಿಗೇ ಕೇಳುವಂತೆ ಹೇಳಿದಳು. “ಮಳೇಲಿ ತೊಳೆದುಹೋಗೋ ತುಕ್ಕನ್ನ ನಾನು ಎಲ್ಲೂ ಕಂಡಿಲ್ಲ ಕಣೇ. ಹೋದ ತಿಂಗಳೇ ನೋಡಿದ್ದೆ.”

“ಗೊತ್ತಿದ್ದೂ ತಂದ್ಯಾ?”

“ಗೊತ್ತಿದ್ದೇ ತಂದೆ. ನನ್ನ ಮಕ್ಕಳು ನಿನ್ನ ಮುಚ್ಚಿದ ಬಾಗಿಲ ಮುಂದೆ ಎಷ್ಟು ಸಲ ನಿಂತಿದಾರೆ, ನಿಂಗೆ ಗೊತ್ತಾ?”

ಮಣ್ಣು ಮಾಡಿದ್ದಾಯಿತು. ಊಟದ ಪಂಕ್ತಿಯಲ್ಲಿ ಕೂತು, ತನ್ನ ಮಾಡಿನ ಕೆಳಗೆ ಬೆಂದ ಹಂದಿ ಮಾಂಸವನ್ನು ಉಲಮಿಲಾಳೂ ತಿಂದಳು. ಒಂದು ಚೂರನ್ನೂ ಬಿಡದೆ, ಮೂಳೆಯನ್ನೂ ಚೀಪಿ ತಿಂದಳು.

ನಾಲ್ಕನೆಯ ದಿನದ ಊಟಕ್ಕೆ ಮನೆತನದವರೆಲ್ಲ ಎಪೇಲಿಯ ಹೊಸ ಅಡುಗೆಮನೆಯಲ್ಲಿ ಸೇರಿದ್ದರು. ಆ ಅಡುಗೆಮನೆ ಮಕೆಲೇಸಿಯ ಹೆಮ್ಮೆ. ಕಳೆದ ವರ್ಷದ ಕಬ್ಬಿನ ಹಣದಲ್ಲಿ ತಗಡು ಹೊದಿಸಿ, ಬಂದವರಿಗೆಲ್ಲ ತಲೆಯೆತ್ತಿ ನೋಡಿರೆಂದು ತೋರಿಸುತ್ತಿದ್ದಳು. ಉಲಮಿಲಾ ಬಾಗಿಲಲ್ಲಿ ಕಾಣಿಸಿಕೊಂಡಳು. ಮೈಮೇಲೆ ಇಸ್ತ್ರಿ ಮಾಡಿದ ಚರ್ಚಿನ ಉಡುಪು, ಕೈಯಲ್ಲಿ ದಪ್ಪನೆಯ ಯಂಗೋನ ಬೇರು. ಕೊನೆಯ ಎರಡು ತಗಡನ್ನು ಅಂಗಡಿಗೆ ವಾಪಸು ಕೊಟ್ಟು ಅದನ್ನು ಕೊಂಡಿದ್ದಳು. ಗಂಡನನ್ನು ಕರೆದಿದ್ದಳು, ಅವನು ಗದ್ದೆಗೆ ಓಡಿದ್ದ.

ಕೆಳಗಿನ ಸಾಲಿನಲ್ಲಿ, ಹೊಸ್ತಿಲ ಪಕ್ಕ ಕೂತು, ಬೇರನ್ನು ಎಪೇಲಿಯ ಮುಂದಕ್ಕೆ ಸರಿಸಿ, ಬೊಗಸೆ ಮಾಡಿ ಚಪ್ಪಾಳೆ ತಟ್ಟಿದಳು. ಹೆಂಗಸರು ಬೇರು ಮುಂದಿಡುವ ಪದ್ಧತಿ ನಮ್ಮಲ್ಲಿಲ್ಲ. ಆದರೆ ಮನೆತನದ ಎದುರು ಇಟ್ಟ ಬೇರನ್ನು ಹಿರಿಯನಾದವನು ತಳ್ಳಿದರೆ ಅವನ ಮಾನ ಹೋಗುತ್ತದೆ.

“ಈ ಬೇರು ಚಿಕ್ಕದು ಭಾವ, ಇದನ್ನ ತಂದವಳು ಇನ್ನೂ ಚಿಕ್ಕವಳು,” ಎಂದು ತಲೆ ತಗ್ಗಿಸಿಯೇ ಹೇಳಿದಳು. “ಹಿರಿಯರಿಗೆ ಮುಚ್ಚಿಟ್ಟೆ, ಸುಳ್ಳು ಹೇಳಿದೆ, ತಪ್ಪಾಯ್ತು. ಇನ್ನು ಮುಚ್ಚಲ್ಲ. ಬಾಯಿಬಿಟ್ಟು ಕೇಳ್ತಿದೀನಿ. ನನ್ನ ಮಕ್ಕಳು ನೆನೀತಿದಾರೆ. ಈ ಅಡುಗೆಮನೆ ಮಾಡು ಬಲು ಚೆನ್ನಾಗಿದೆ.”

ಮಕೆಲೇಸಿಯ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು.

“ಏನಂದೆ? ನನ್ನ ಮಾಡು ಬೇಕಾ ನಿಂಗೆ?”

“ಕೆರೆಕೆರೆ, ಅಕ್ಕ.” ಹುಟ್ಟಿದಾಗಿನಿಂದ ಉಲಮಿಲಾಳ ಬಾಯಿಂದ ಬರದಿದ್ದ ಮಾತು ಅದು. ಜೇನು ಸವರಿದಂತೆ ಹೇಳಿದಳು.

“ರೀ, ಮುಟ್ಟಬೇಡಿ ಆ ಬೇರನ್ನ!” ಎಂದು ಮಕೆಲೇಸಿ ಗಂಡನ ಕಡೆ ತಿರುಗಿದಳು.

ಎಪೇಲಿ ಸುತ್ತ ನೋಡಿದ. ಮನೆತನವೆಲ್ಲ ಅವನನ್ನೇ ನೋಡುತ್ತಿತ್ತು. ಮುಂದಕ್ಕೆ ಬಾಗಿ ಬೇರನ್ನು ಮುಟ್ಟಿದ. ಕೂತವರೆಲ್ಲ ಚಪ್ಪಾಳೆ ತಟ್ಟಿದರು. ಬೇರು ಮುಟ್ಟಿದರೆ ಕೇಳಿದ್ದನ್ನು ಕೊಟ್ಟಂತೆ, ಅಲ್ಲಿಗೆ ಮಾತು ಮುಗಿಯಿತು.

ಮರುದಿನ ಬೆಳಿಗ್ಗೆ ಉಲಮಿಲಾ ತಾನೇ ಏಣಿ ಹತ್ತಿ, ಒಂದೊಂದಾಗಿ ಮೊಳೆ ಕಿತ್ತು ತಗಡು ಇಳಿಸಿದಳು. ಮಕೆಲೇಸಿ ಕೆಳಗೆ ನಿಂತು ಬಾಯಿಗೆ ಬಂದಂತೆ ಬೈದಳು. ಸಕಿಯುಸಾ ಮೋರೆ ಕೆಳಗೆ ಹಾಕಿಕೊಂಡು ಹೊತ್ತು ಹಾಕಿದ. ಹಳೆಯ ಮೊಳೆಯ ತೂತುಗಳಿಗೆ ಡಾಂಬರು ಮೆತ್ತಿ ಹೊದಿಸಿದರು. ನವೆಂಬರಿನ ಮೊದಲ ಮಳೆ ಬಿದ್ದಾಗ ಮಕ್ಕಳು ಚಾಪೆಯ ಮೇಲೆ ಅಂಗಾತ ಮಲಗಿ ಸದ್ದು ಕೇಳಿದರು. ಒಂದು ಹನಿಯೂ ಒಳಗೆ ಬರಲಿಲ್ಲ. ಅಂದು ಉಲಮಿಲಾ ಕೆಸುವಿನ ಸೊಪ್ಪನ್ನು ತೆಂಗಿನ ಹಾಲಿನಲ್ಲಿ ಬೇಯಿಸಿ, ಒಂದಿಡೀ ಡಬ್ಬಿ ಮೀನು ಹಾಕಿದಳು. ತಟ್ಟೆ ಇಟ್ಟು, ಅಭ್ಯಾಸದಂತೆ ಬಾಗಿಲು ಹಾಕಲು ಎದ್ದಳು.

ಹೊರಗೆ, ಮಳೆಯಲ್ಲಿ, ಮಕೆಲೇಸಿ ಐದೂ ಮಕ್ಕಳನ್ನು ಕಟ್ಟಿಕೊಂಡು ದಾರಿಯ ಮೇಲೆ ನಿಂತಿದ್ದಳು.

“ಅಡುಗೆಮನೇಲಿ ಒಲೆ ಹತ್ತಲಿಲ್ಲ ಕಣೇ ಉಲಾ,” ಎಂದಳು. “ಮೇಲೆ ಮಾಡೇ ಇಲ್ವಲ್ಲ.”

ಅಕ್ಕಪಕ್ಕದ ತೆರೆದ ಬಾಗಿಲುಗಳಿಂದ ಹತ್ತಾರು ಕಣ್ಣುಗಳು ನೋಡುತ್ತಿದ್ದವು. ಇನ್ನು ಮುಚ್ಚುವುದಿಲ್ಲ ಎಂದು ಮನೆತನದ ಮುಂದೆ ಹೇಳಿದ್ದಾಗಿತ್ತು. ಬಾಗಿಲ ಮೇಲಿನ ಕೈಯನ್ನು ಉಲಮಿಲಾ ತೆಗೆದಳು. ಅಕ್ಕಪಕ್ಕಕ್ಕೂ ಕೇಳುವಂತೆ ಕೂಗಿದಳು.

“ಬನ್ನಿ, ಉಣ್ಣಿ!”

ಬಂದರು. ಉಂಡರು. ಮಕ್ಕಳು ಪಾತ್ರೆಯ ತಳ ಕೆರೆದರು. ಮಕೆಲೇಸಿ ಬಾಯಿ ಒರೆಸಿಕೊಂಡು, ಬರಿದಾದ ಪಾತ್ರೆಯನ್ನು ತೊಡೆಯ ಮೇಲೆ ಬೋರಲು ಹಾಕಿ, ಹೆಬ್ಬೆರಳಿಂದ ಮಸಿ ಉಜ್ಜಿದಳು. ಒಳಗಿನ ಬೆಳ್ಳಿ ಬಣ್ಣ ಫಳ್ಳೆಂದಿತು.

“ಒಳ್ಳೆ ಪಾತ್ರೆ ಕಣೇ. ಬಲು ಚೆನ್ನಾಗಿದೆ.”

ಉಲಮಿಲಾ ಎದ್ದು ಪಾತ್ರೆಯನ್ನು ತೊಳೆದು, ಒರೆಸಿ, ತಂದು ವಾರಗಿತ್ತಿಯ ಮಡಿಲಲ್ಲಿಟ್ಟಳು.

“ತಗೊಂಡು ಹೋಗಕ್ಕ,” ಎಂದಳು. “ನಾಳೆ ಇದರಲ್ಲೇ ಬೇಯಿಸು. ಊಟದ ಹೊತ್ತಿಗೆ ನಾವು ನಾಲ್ಕೂ ಜನ ನಿಮ್ಮ ದಾರೀಲಿ ಬರ್ತೀವಿ. ಮಳೆ ಬಂದ್ರೂ ಬರ್ತೀವಿ.”