ಹೆಚ್ಚಾದ ಪ್ಲೇಟ್‌ಲೆಟ್ಟಿಗೆ ಪಪ್ಪಾಯಿ ಎಲೆಯ ರಸ

ಶಾಸನಗಳ ಕಾಲನಿರ್ಣಯ ನನ್ನ ವೃತ್ತಿಯಾಗಿತ್ತು. ನಿವೃತ್ತಿಯ ನಂತರವೂ ಅದು ಬಿಡಲಿಲ್ಲ. ಹುಕ್ಕೇರಿ ಬಳಿಯ ಹೊಲವೊಂದರಲ್ಲಿ ಮಗುಚಿ ಬಿದ್ದಿದ್ದ ಶಾಸನದ ಕಲ್ಲನ್ನು ಎಬ್ಬಿಸುವಾಗ ಅದರ ಅಂಚು ಜಾರಿ ನನ್ನ ಹೆಬ್ಬೆರಳ ಮೇಲೆ ಬಿತ್ತು. ಗಾಯ ಕೀವಾಯಿತು. ಗೋಕಾಕದಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ ಬೇರೆಯೇ ಸಂಗತಿ ಹೊರಬಿತ್ತು: ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ ಕಣಗಳು ಮಿತಿಯನ್ನು ಬಹಳ ಮೀರಿದ್ದವು.

ಡಾಕ್ಟರು ಎರಡು ಸಾಧ್ಯತೆಗಳನ್ನು ಹೇಳಿದರು. ಸೋಂಕಿನಿಂದಲೋ ಕಬ್ಬಿಣದ ಅಂಶದ ಕೊರತೆಯಿಂದಲೋ ಏರಿದ್ದರೆ, ಕಾರಣ ಹೋದ ಮೇಲೆ ಇಳಿಯುತ್ತವೆ. ಇಲ್ಲವೆ ಎಲುಬಿನ ಮಜ್ಜೆಯೇ ಅಳತೆ ಮೀರಿ ತಯಾರಿಸುತ್ತಿರಬಹುದು. ಆಗ ರಕ್ತ ಹೆಪ್ಪುಗಟ್ಟಿ ಲಕ್ವ ಹೊಡೆಯುವ ಭಯವುಂಟು.

"ಗಾಯ ಪೂರಾ ಮಾಯಲಿರಿ, ಮತ್ತೊಮ್ಮೆ ನೋಡೂಣು."

ಕಾಯುವುದು ನನಗೆ ಒಗ್ಗಲಿಲ್ಲ. ಕಲ್ಲು ಬಿದ್ದ ದಿನ, ಕೀವು ಕಂಡ ದಿನ, ರಕ್ತ ಕೊಟ್ಟ ದಿನ, ಎಲ್ಲವನ್ನೂ ಮತ್ತೆ ಮತ್ತೆ ತಾಳೆ ನೋಡಿದೆ. ಗಾಯಕ್ಕೂ ಮೊದಲು, ಯಾವುದೋ ಚಳಿಗಾಲದಲ್ಲಿ, ಬೆರಳ ತುದಿಗಳು ಕೆಂಪಾಗಿ ಉರಿದದ್ದು ನೆನಪಾಯಿತು. ಇದರ ಮೊದಲ ಗುರುತು ಅದೇ ಇರಬಹುದೆ? ಅದು ಯಾವ ವರ್ಷ? ಹೆಂಡತಿ ಒಂದು ವರ್ಷ ಹೇಳಿದಳು. ಮರುದಿನ ಇನ್ನೊಂದು ಹೇಳಿದಳು. ಓದಲು ಕೂತರೆ ಏಳುತ್ತಿದ್ದೆ, ಎದ್ದರೆ ಎಲ್ಲಿಗೆಂದು ತಿಳಿಯುತ್ತಿರಲಿಲ್ಲ.

ಅಷ್ಟರಲ್ಲಿ ಮೂಡಲಗಿಯಿಂದ ಅಕ್ಕ ಸ್ಟೀಲ್ ಡಬ್ಬಿ ಹಿಡಿದು ಬಂದಳು. ಡೆಂಗಿ ಬಂದಾಗ ಅವಳ ಓಣಿಯವರೆಲ್ಲ ಪ್ಲೇಟ್‌ಲೆಟ್ ಏರಲೆಂದು ಪಪ್ಪಾಯಿ ಎಲೆಯ ರಸ ಕುಡಿದಿದ್ದರು. ಅಂದಿನಿಂದ ಪ್ಲೇಟ್‌ಲೆಟ್ ಎಂಬ ಹೆಸರು ಕಿವಿಗೆ ಬಿದ್ದರೆ ಸಾಕು, ಅಲ್ಲಿ ಎಲೆ ಅರೆಯುತ್ತಾರೆ.

"ಕುಡಿ ತಮ್ಮಾ, ಮೂಗು ಮುಚ್ಚಿ ಗಟಗಟ ಕುಡಿ."

"ಅಕ್ಕಾ, ನನ್ನವು ಕಡಿಮಿ ಆಗಿಲ್ಲ, ಹೆಚ್ಚಾಗ್ಯಾವು."

"ಹೆಚ್ಚಾದ್ರ ಮಾರಿ ಸಣ್ಣದ್ಯಾಕ ಮಾಡಿ? ನಮ್ಮ ಓಣ್ಯಾಗ ಬೇಡಿಕೊಂಡ್ರೂ ಏರಲಿಲ್ಲ. ಇಷ್ಟು ಓದಿದಾಂವ, ದೇವರು ಕೊಟ್ಟದ್ದನ್ನ ಬ್ಯಾಡ ಅಂತಿ!"

"ಇದು ಇನ್ನೂ ಏರಸ್ತೈತಿ ಅಂತಾರ."

"ಬಸ್ಸಿನ್ಯಾಗ ಉಡ್ಯಾಗ ಇಟಗೊಂಡು ಬಂದೇನಿ, ಒಂದು ಹನಿ ಚೆಲ್ಲಿಲ್ಲ."

ಡಬ್ಬಿ ಇಸಿದುಕೊಂಡು ಮೂಗು ಮುಚ್ಚಿದೆ. ಅವಳು ಇದ್ದಷ್ಟು ದಿನವೂ ಕುಡಿದೆ.

ಡಾಕ್ಟರು ಕೇಳಿ ಹಣೆ ಒತ್ತಿಕೊಂಡರು. "ಇಳೀತಾವೇನು ಅಂತ ನಾ ಕಾಯಾಕತ್ತೇನಿ, ನೀವು ಏಣಿ ಹಚ್ಚೀರಲ್ರಿ! ಈಗ ಏರಿದ್ರ ಮಜ್ಜಿಯಿಂದೋ ರಸದಿಂದೋ ಹೆಂಗ ಹೇಳ್ಲಿ?" ಪರೀಕ್ಷೆ ಮುಂದೆ ಹೋಯಿತು. ತಳಮಳವೂ ಅದರೊಂದಿಗೆ ಬೆಳೆಯಿತು.

ಗಾಯ ಒಣಗಿತು, ರಸ ನಿಂತಿತು, ಕಬ್ಬಿಣದ ಅಂಶ ಸರಿಯಿತ್ತು. ಆದರೂ ಸಂಖ್ಯೆ ಇಳಿಯಲಿಲ್ಲ. ಜೀನ್ ಪರೀಕ್ಷೆ, ಮಜ್ಜೆಯ ಪರೀಕ್ಷೆಗಳಾದವು. ದೋಷ ಮಜ್ಜೆಯದೇ ಎಂದು ಖಚಿತವಾಯಿತು. ರಕ್ತ ಹೆಪ್ಪುಗಟ್ಟದಂತೆ ಒಂದು, ಸಂಖ್ಯೆ ತಗ್ಗಿಸಲು ಒಂದು, ಹೀಗೆ ಗುಳಿಗೆಗಳನ್ನು ಬರೆದುಕೊಟ್ಟರು.

"ಇದು ಸುರು ಆದದ್ದು ಯಾವಾಗ್ರಿ?" ಎಂದೆ.

"ಮಜ್ಜಿಯ ಒಂದು ಕಣ ಯಾವಾಗೋ ಬದಲಾಗಿರತೈತ್ರಿ, ದಿನ ಹೇಳಾಕ ಬರೂದಿಲ್ಲ. ಗುಳಿಗಿ ತಪ್ಪಸಬ್ಯಾಡ್ರಿ, ರಕ್ತ ತೋರಸ್ಕೋತ ಇರ್ರಿ. ಮಾತು ತೊದಲಿದ್ರ, ಎದಿ ನೋವು ಬಂದ್ರ ಒಂದು ಗಳಿಗಿ ತಡಾ ಮಾಡಬ್ಯಾಡ್ರಿ. ಹಿಂಗ ಇದ್ದಾವ್ರು ಭಾಳ ವರ್ಷ ಚಲೋ ಇರ್ತಾರ."

ಸಂಜೆ ಅಕ್ಕನ ಫೋನು ಬಂತು. ಅವಳ ದನಿ ತಗ್ಗಿತ್ತು.

"ಖರೆ ಹೇಳು ತಮ್ಮಾ, ನನ್ನ ರಸದಿಂದ ಆತೇನು?"

"ಇಲ್ಲಕ್ಕಾ. ರಕ್ತ ಕೊಟ್ಟದ್ದು ಮೊದಲು, ನೀ ಬಂದದ್ದು ಆಮ್ಯಾಲ. ದಿನಾಂಕ ನೋಡೇನಿ."

ಅವಳು ಉಸಿರು ಬಿಟ್ಟದ್ದು ಕೇಳಿಸಿತು. "ಹಂಗಾರ ಯಾವಾಗಿಂದ ಐತಿ ಇದು?"

ಫೋನು ಹಿಡಿದು ಪಡಸಾಲೆಯ ಆ ತುದಿಗೆ ಹೋದೆ, ಈ ತುದಿಗೆ ಬಂದೆ.

"ಗೊತ್ತಿಲ್ಲಕ್ಕಾ."