ಓಣಿಯೆಲ್ಲ ಕಾಸಿದ ನೀರು

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ದೊಡ್ಡದು ಅಂತ ಇದ್ದದ್ದು ಒಂದೇ ವಸ್ತು, ತಾಮ್ರದ ಹಂಡೆ. ಗೋವಾದ ಬಾಯ್ನಾ ಕಡಲತೀರದಲ್ಲಿ ತಗಡಿನ ಚಾವಣಿಯ ಒಂದೇ ಕೋಣೆಯ ಮನೆ ನಮ್ಮದು. ಆ ಹಂಡೆಯನ್ನು ಅವ್ವ ವಿಜಾಪುರದ ತನ್ನ ತವರಿನಿಂದ ರೈಲಿನಲ್ಲಿ ತಂದಿದ್ದಳು. ಒಳಗೆ ಜಾಗವಿಲ್ಲದೆ ಅದು ಹೊರಗೆ ಬಚ್ಚಲಿನ ಪಕ್ಕ, ಮೂರು ಕಲ್ಲಿನ ಒಲೆಯ ಮೇಲೆ ಕುಳಿತಿತ್ತು. ಓಣಿಗೆಲ್ಲ ಅದೊಂದೇ ಹಂಡೆ. ನನಗೆ ಅದರ ಜಂಬ ಕಡಿಮೆ ಇರಲಿಲ್ಲ.

ಆ ವರ್ಷ ನೀರು ತುಂಬುವ ಹಬ್ಬದ ದಿನ ಅಕ್ಕ ಹಂಡೆಯನ್ನು ಹುಣಸೆಹಣ್ಣು ಹಚ್ಚಿ ಬೆಳಗಿದಳು. ಸುಣ್ಣದ ಪಟ್ಟೆ ಎಳೆದು, ಕುತ್ತಿಗೆಗೆ ಹಿಂಡಲಕಾಯಿಯ ಬಳ್ಳಿ ಸುತ್ತಿದಳು. ಮರುದಿನ ನಸುಕಿನಲ್ಲಿ ಎಲ್ಲರಿಗೂ ಎಣ್ಣೆಸ್ನಾನ. ಸೂರ್ಯ ಹುಟ್ಟುವ ಮೊದಲು ಮೀಯದವರು ನರಕಕ್ಕೆ ಹೋಗುತ್ತಾರೆ ಎಂದು ಅವ್ವ ಹೇಳುತ್ತಿದ್ದಳು. ನಾನು ಅದನ್ನು ಪೂರ್ತಿ ನಂಬಿದ್ದೆ. ಅಪ್ಪನಿಗೆ ಬಂದರಿನಲ್ಲಿ ಅದಿರು ತುಂಬುವ ಕೆಲಸ, ಆಗ ರಾತ್ರಿ ಪಾಳಿ. ಅವನು ಬರುವ ಹೊತ್ತಿಗೆ ನೀರು ಸುಡುತ್ತಿರಬೇಕಿತ್ತು.

ಒಲೆಯ ಕಾವಲು ನನಗೆ ಸಿಕ್ಕಿತು. "ಬಿಸಿನೀರು ಎಷ್ಟು ತಗೀತಿ, ಅಷ್ಟ ತಣ್ಣೀರು ಹಾಕು. ಹಂಡೆ ಬರಿದ ಆಗಬಾರದು" ಎಂದು ಹೇಳಿ ಅವ್ವ ಕರ್ಚಿಕಾಯಿ ಕರಿಯಲು ಒಳಗೆ ಹೋದಳು.

ತೆಂಗಿನ ಸಿಪ್ಪೆಯ ಹೊಗೆ ಕಣ್ಣಿಗೆ ಚುರುಗುಟ್ಟುತ್ತಿತ್ತು. ದೂರದಲ್ಲಿ ನರಕಾಸುರನ ಬೊಂಬೆ ಸುಡುವವರ ಪಟಾಕಿ ಸದ್ದು. ಅಕ್ಕ ಮಿಂದಳು, ನಾನು ಮಿಂದೆ. ಆಮೇಲೆ ಓಣಿಯ ಮಕ್ಕಳು ಒಬ್ಬೊಬ್ಬರಾಗಿ ಎಣ್ಣೆ ಮೈಯಲ್ಲಿ ಬಂದು ನಿಂತರು. "ನಿಮ್ಮ ಹಂಡೇದ ನೀರು ಭಾಳ ಚಲೋ ಐತಿ" ಎಂದಳು ಒಬ್ಬಳು. ನಾನು ಉಬ್ಬಿಹೋದೆ. ಹೊಗಳಿದವರಿಗೆಲ್ಲ ಮೂರು ಮೂರು ತಂಬಿಗೆ ಹೆಚ್ಚಿಗೆ ಸುರಿದೆ. ಅವ್ವ ಹೇಳಿದಂತೆ ತೆಗೆದಷ್ಟು ತಣ್ಣೀರನ್ನೂ ತಪ್ಪದೆ ಹಾಕಿದೆ. ಒಲೆಗೆ ಸಿಪ್ಪೆ ಹಾಕುವುದೊಂದನ್ನು ಮರೆತೆ.

ಅಷ್ಟರಲ್ಲಿ ಓಣಿಯ ತುದಿಯಲ್ಲಿ ಅಪ್ಪ ಕಾಣಿಸಿದ. ತಲೆಯಿಂದ ಕಾಲಿನವರೆಗೆ ಅದಿರಿನ ಕೆಂಪು ಧೂಳು. ಕಣ್ಣು, ಹಲ್ಲು ಮಾತ್ರ ಬಿಳಿ. ನಾನು ಹಂಡೆಗೆ ಕೈ ಅದ್ದಿದೆ. ನೀರು ಉಗುರುಬೆಚ್ಚಗೂ ಇರಲಿಲ್ಲ. ಅಕ್ಕ ಬಗ್ಗಿ ಬೂದಿ ಕೆದಕಿ ನೋಡಿ, "ಇದು ಮತ್ತ ಕಾಯಬೇಕಂದ್ರ ಒಂದು ತಾಸರ ಬೇಕು" ಎಂದಳು. ಪೂರ್ವದಲ್ಲಿ ಆಗಲೇ ಬೆಳಕು ಹರಿಯುತ್ತಿತ್ತು.

ನನ್ನಿಂದಾಗಿ ಅಪ್ಪ ನರಕಕ್ಕೆ ಹೋಗುತ್ತಾನೆ ಎಂದು ಗೊಳೋ ಎಂದು ಅತ್ತೆ. ಅಪ್ಪ ಕಲ್ಲಿನ ಮೇಲೆ ಕುಳಿತು ನಕ್ಕ. "ಅಳಬ್ಯಾಡವಾ. ನಾ ದಿನಾ ಅಲ್ಲಿಗೇ ಹೋಗಿ ಬರ್ತೀನಲ್ಲ, ದಾರಿ ಗೊತ್ತೈತಿ." ನಗುತ್ತಿದ್ದರೂ ಕಡಲ ಗಾಳಿಗೆ ಅವನ ಭುಜ ನಡುಗುತ್ತಿತ್ತು. ನನಗೆ ಅಳು ಇನ್ನೂ ಹೆಚ್ಚಾಯಿತು.

ಪಕ್ಕದ ಮನೆಯ ಚಾಚಿ ಹುಬ್ಬಳ್ಳಿಯವರು. ಸದ್ದು ಕೇಳಿ ಚಹಾದ ಬೋಗುಣಿ ಹಿಡಿದುಕೊಂಡೇ ಹೊರಗೆ ಬಂದರು. "ಹಂಡೆ ಕಾಯೂತನಕ ಯಾಕ ಕುಂದರ್ತೀರಿ? ಹಂಡೆಗೆ ತಾಸು ಹಿಡದ್ರ ಈ ಬೋಗಾಣಿಗೆ ಐದು ನಿಮಿಷ ಸಾಕು. ಓಣ್ಯಾಗ ಎಷ್ಟು ಒಲಿ ಉರ್ಯಾಕತ್ತಾವ ನೋಡ್ರಿ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಅತ್ತದ್ದು ಸಾಕು, ಓಡು" ಎಂದರು.

ಓಡಿದೆ. ಒಂದೊಂದು ಬಾಗಿಲಲ್ಲೂ ಕೂಗಿದೆ. ಒಲೆಗಳ ಮೇಲಿನ ಪಲ್ಯ, ಅವಲಕ್ಕಿ ಎಲ್ಲ ಕೆಳಗಿಳಿದು ನೀರು ಮೇಲೇರಿತು. ಅವ್ವ ಕರ್ಚಿಕಾಯಿಯ ಬಾಣಲೆಯನ್ನೂ ಇಳಿಸಿದಳು. ಸ್ವಲ್ಪ ಹೊತ್ತಿಗೆ ಓಣಿಯ ಎರಡೂ ತುದಿಯಿಂದ ಸೆರಗಿನಲ್ಲಿ ಹಿಡಿದ ಪಾತ್ರೆಗಳು ಹಬೆಯಾಡುತ್ತ ಬಂದವು: ಕೆಟಲಿ, ಬೋಗುಣಿ, ಒಂದು ಹಾಲಿನ ತಂಬಿಗೆ. ಅವ್ವ ಅಪ್ಪನಿಗೆ ಎಣ್ಣೆ ಹಚ್ಚಿದಳು, ಮಕ್ಕಳೆಲ್ಲ ಸುತ್ತ ನಿಂತು ಅವನ ತಲೆಗೆ ನೀರೆರೆದೆವು. ಬಚ್ಚಲಿನಿಂದ ಕೆಂಪು ನೀರು ಹರಿದು ಹೋಗಿ, ಕೊನೆಗೆ ತಿಳಿಯಾಗಿ ಅಪ್ಪನ ಮುಖ ಹೊರಗೆ ಬಂತು.

ಅವ್ವ ಆರತಿ ಬೆಳಗುವಾಗ ಸೂರ್ಯ ಹುಟ್ಟಿದ್ದನೋ ಇಲ್ಲವೋ ನನಗೆ ತಿಳಿಯದು. ಹುಟ್ಟಿಲ್ಲ ಎಂದಳು ಅವ್ವ, ಚಾಚಿಯೂ ಹೌದೆಂದರು. ನಾನು ಅಪ್ಪನ ಕುತ್ತಿಗೆಗೆ ಜೋತುಬಿದ್ದೆ. ಅವನ ಕೂದಲು ಚಾಚಿಯ ಮನೆಯ ಶುಂಠಿ ಚಹಾದ ಹಾಗೆ ಘಮಘಮ ಎನ್ನುತ್ತಿತ್ತು. ಅಂಥ ಖುಷಿ ನನಗೆ ಬೇರೆ ಯಾವ ಹಬ್ಬದಲ್ಲೂ ಆಗಿಲ್ಲ.

ಈಗ ಆ ಓಣಿಯೇ ಇಲ್ಲ. ನಾವು ಮೂರನೇ ಮಹಡಿಯ ಫ್ಲ್ಯಾಟಿನಲ್ಲಿದ್ದೇವೆ, ಹಂಡೆ ಬಾಲ್ಕನಿಯಲ್ಲಿದೆ. ನೀರು ತುಂಬುವ ಹಬ್ಬಕ್ಕೆ ಮೊಮ್ಮಗಳು ಗೀಜರಿಗೇ ಪಟ್ಟೆ ಎಳೆದು ಬಳ್ಳಿ ಕಟ್ಟುತ್ತಾಳೆ. ಒಬ್ಬರು ಮಿಂದರೆ ಕೆಂಪು ದೀಪ ಹತ್ತುತ್ತದೆ, ಅದು ಆರಲು ಕಾಲು ತಾಸು. ಅಷ್ಟಕ್ಕೇ ಮೊಮ್ಮಕ್ಕಳು ಬಚ್ಚಲ ಬಾಗಿಲು ಗುದ್ದಿ ಜಗಳವಾಡುತ್ತಾರೆ.

ಕಳೆದ ದೀಪಾವಳಿಗೆ ಮೊಮ್ಮಗ ಎಣ್ಣೆ ಹಚ್ಚಿಸಿಕೊಂಡು ನಿಂತಿದ್ದ. ದೀಪ ಕೆಂಪಗಿತ್ತು. ಹಿಂದಿನ ದಿನವಷ್ಟೇ ಅವನಿಗೆ ಈ ಕಥೆ ಹೇಳಿದ್ದೆ. ಅವನು ಬಾಗಿಲು ಗುದ್ದಲಿಲ್ಲ. "ಆಯಿ, ಎದುರ ಮನ್ಯಾಗೂ ಗೀಜರ್ ಐತಲ್ಲ?" ಎಂದವನೇ ಟವೆಲ್ ಹೆಗಲಿಗೆ ಹಾಕಿಕೊಂಡು ಹೋಗೇಬಿಟ್ಟ. ಎದುರುಮನೆಯ ಕೊಂಕಣಿ ಅಜ್ಜಿಯನ್ನು ಅಲ್ಲಿಯವರೆಗೆ ನಾವು ಲಿಫ್ಟಿನಲ್ಲಿ ನೋಡಿ ನಕ್ಕಿದ್ದಷ್ಟೇ.

ಸ್ವಲ್ಪ ಹೊತ್ತಿಗೆ ಹಣೆಯಲ್ಲಿ ಕುಂಕುಮ, ಎರಡೂ ಕೈಯಲ್ಲಿ ನೆವರಿ ಹಿಡಿದು ಬಂದ. ಅವರು ನೆವರಿ ಎನ್ನುವುದು ನಮ್ಮ ಕರ್ಚಿಕಾಯಿಯನ್ನೇ. ನಾನು ಅವನನ್ನು ಹತ್ತಿರ ಎಳೆದುಕೊಂಡು ತಲೆ ಮೂಸಿದೆ. ಎದುರುಮನೆಯ ಸಾಬೂನಿನ ವಾಸನೆ ಬಂತು.